ಗದ್ದಲ ಬರುವ ದಾರಿ, ಸಿಗ್ನಲ್ ಜಾರುವ ಜಾಗ: ಹ್ಯಾಮ್ ಸ್ಟೇಷನ್ನಿನ ದೋಷ ಹುಡುಕುವ ಬಗೆ

ಬೆಳಗಿನ ಹೊತ್ತು 7 ಮೆಗಾಹರ್ಟ್ಸ್‌ನಲ್ಲಿ ಬೆಂಗಳೂರು, ಶಿವಮೊಗ್ಗ, ಮಂಗಳೂರಿನಷ್ಟು ದೂರದ ಹ್ಯಾಮ್ (ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೊ) ಸ್ಟೇಷನ್ನುಗಳು ಒಂದಕ್ಕೊಂದು ಸಲೀಸಾಗಿ ಕೇಳಬೇಕು. ಅದಕ್ಕೆ 100 ವಾಟ್ ಮತ್ತು ಸಾಧಾರಣ ಡೈಪೋಲ್ (ನಡುವಿನಿಂದ ಎರಡು ಕಡೆಗೆ ಚಾಚಿದ ತಂತಿಯ ಆಂಟೆನಾ) ಸಾಕು. ಆದರೂ ನಗರದ ಎಷ್ಟೋ ಹ್ಯಾಮ್‌ಗಳಿಗೆ ಎದುರಿನವರ ಮಾತು ಹಿಡಿಯುವುದಿಲ್ಲ. ಅವರ ರಿಸೀವರಿನಲ್ಲಿ ಯಾರೂ ಮಾತಾಡದಿದ್ದಾಗಲೂ ಸಿಗ್ನಲ್ಲಿನ ಬಲ ತೋರಿಸುವ ಎಸ್ ಮೀಟರಿನ ಮುಳ್ಳು 8 ಅಥವಾ 9ರಲ್ಲಿ ನಿಂತಿರುತ್ತದೆ. ಎಚ್‌ಎಫ್‌ನಲ್ಲಿ, ಅಂದರೆ 3ರಿಂದ 30 ಮೆಗಾಹರ್ಟ್ಸ್‌ನೊಳಗೆ, ಎಸ್9 ಎಂದರೆ ರಿಸೀವರಿನ ಆಂಟೆನಾ ಸಾಕೆಟ್ಟಿನಲ್ಲಿ 50 ಮೈಕ್ರೋವೋಲ್ಟ್; ಅಲ್ಲಿಂದ ಕೆಳಗಿನ ಒಂದೊಂದು ಎಸ್ ಅಂಕಿಗೂ 6 ಡಿಬಿ (ಡೆಸಿಬೆಲ್) ಅಂತರ, ಅಂದರೆ ವೋಲ್ಟೇಜ್ ಅರ್ಧ. ಗದ್ದಲ ಎಸ್9ರಲ್ಲಿದ್ದರೆ ಎಸ್6ರಲ್ಲಿ ಬರುವ ಸಿಗ್ನಲ್ ಅದರ ಕೆಳಗೆ 18 ಡಿಬಿ ಆಳದಲ್ಲಿ ಹೂತುಹೋಗಿರುತ್ತದೆ. ಎಷ್ಟೇ ದುಬಾರಿ ರೇಡಿಯೊ ತಂದರೂ ಅದು ಮೇಲೆ ಬರುವುದಿಲ್ಲ.

ಇದಕ್ಕೆ ಫಿಲ್ಟರ್ ಹಾಕಿ, ಅರ್ತಿಂಗ್ ಮಾಡಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಆದರೆ ‘ಅಡಚಣೆ’ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ರೋಗಗಳಿವೆ: ಹೊರಗಿನ ಗದ್ದಲ ನಮ್ಮೊಳಗೆ ಬರುವುದು, ನಮ್ಮ ಆರ್‌ಎಫ್ (ರೇಡಿಯೊ ತರಂಗದ ಶಕ್ತಿ) ಬೇರೆಯವರ ಸಾಮಾನಿಗೆ ನುಗ್ಗುವುದು, ನಮ್ಮ ಸಿಗ್ನಲ್ಲೇ ಜಾಗ ಬಿಟ್ಟು ಸರಿಯುವುದು ಅಥವಾ ಅಗಲವಾಗುವುದು. ಯಾವುದು ಎಂದು ಗೊತ್ತಾಗುವ ಮುನ್ನ ಕೊಂಡ ಯಾವ ಫಿಲ್ಟರೂ ದಂಡ.

ಮೊದಲು ಮನೆಯೊಳಗೆ

ಆಂಟೆನಾ ಕೇಬಲ್ ಬಿಚ್ಚಿ, ಅದರ ಜಾಗಕ್ಕೆ 50 ಓಮ್ ಡಮ್ಮಿ ಲೋಡ್ (ಆಂಟೆನಾ ಬದಲಿಗೆ ಹಾಕುವ ರೆಸಿಸ್ಟರ್) ಹಾಕಿ. ಗದ್ದಲ ಪೂರ್ತಿ ಬಿದ್ದುಹೋದರೆ ಅದು ಆಂಟೆನಾ ಅಥವಾ ಕೇಬಲ್ ದಾರಿಯಲ್ಲಿ ಬರುತ್ತಿದೆ. ಬೀಳದಿದ್ದರೆ ಪವರ್ ಸಪ್ಲೈಯನ್ನೇ ಅನುಮಾನಿಸಬೇಕು. ಕಡಿಮೆ ಬೆಲೆಯ 12 ವೋಲ್ಟ್ ಎಸ್‌ಎಂಪಿಎಸ್‌ಗಳಲ್ಲಿ (ಸ್ವಿಚಿಂಗ್ ಪವರ್ ಸಪ್ಲೈಗಳಲ್ಲಿ) ಇನ್‌ಪುಟ್ ಫಿಲ್ಟರಿನ ಕಾಯಿಲ್ ಹಾಕುವ ಜಾಗದಲ್ಲಿ ಬರೀ ಎರಡು ತಂತಿ ಬೆಸುಗೆ ಹಾಕಿರುವುದು ಅಪರೂಪವಲ್ಲ.

ಮುಂದಿನ ಹೆಜ್ಜೆಗೆ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ ಸಾಕು. ರಿಸೀವ್ ಮಾಡಲು ಹೆಚ್ಚಿನ ರೇಡಿಯೊಗಳಿಗೆ ಬೇಕಾಗುವುದು ಒಂದೆರಡು ಆಂಪಿಯರ್ ಮಾತ್ರ. ರೇಡಿಯೊವನ್ನು ಬ್ಯಾಟರಿಗೆ ಹಾಕಿ, ಆಂಟೆನಾ ಮತ್ತೆ ಸೇರಿಸಿ, ಪ್ರೀಆಂಪ್ (ರಿಸೀವರಿನ ಮೊದಲ ವರ್ಧಕ) ಆಫ್ ಮಾಡಿ, ಎಸ್ ಮೀಟರ್ ಅಂಕಿ ಬರೆದುಕೊಳ್ಳಿ. ಈಗ ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ನಮ್ಮ ಊರುಗಳಲ್ಲಿ ಇಲ್ಲೇ ಒಂದು ಎಡವಟ್ಟಾಗುತ್ತದೆ: ಮೇನ್ ಆಫ್ ಆದ ಕೂಡಲೇ ಮನೆಯ ಯುಪಿಎಸ್ ಎದ್ದು ಕೂರುತ್ತದೆ. ಇನ್ವರ್ಟರ್ ತಾನೇ ದೊಡ್ಡ ಗದ್ದಲದ ಮೂಲ. ಅದರಿಂದ ಓಡುವ ಬಲ್ಬು, ರೂಟರ್‌ಗಳೂ ಆರುವುದಿಲ್ಲ. ಹಾಗಾಗಿ ಯುಪಿಎಸ್ಸಿನ ಸ್ವಿಚ್ಚನ್ನೂ ಆಫ್ ಮಾಡದೆ ಪರೀಕ್ಷೆಗೆ ಅರ್ಥವಿಲ್ಲ. ಚಾವಣಿಯಲ್ಲಿ ಸೋಲಾರ್ ಇದ್ದರೆ ಅದರ ಡಿಸಿ ಐಸೊಲೇಟರ್ ಕೂಡ.

ಎಲ್ಲ ಆರಿದ ಮೇಲೆ ಗದ್ದಲ ಎಸ್9ರಿಂದ ಎಸ್3ಕ್ಕೆ ಇಳಿದರೆ ಕಳ್ಳ ಮನೆಯೊಳಗೇ ಇದ್ದಾನೆ, ಅದು ಒಳ್ಳೆಯ ಸುದ್ದಿ. ಎಂಸಿಬಿಗಳನ್ನು ಒಂದೊಂದಾಗಿ ಮೇಲೆತ್ತಿ, ಪ್ರತಿ ಸಲವೂ ಮೀಟರ್ ನೋಡಿ. ಗದ್ದಲ ಏರಿದ ಸರ್ಕ್ಯೂಟ್ ಸಿಕ್ಕರೆ ಅದರಲ್ಲಿನ ಸಾಮಾನುಗಳ ಪ್ಲಗ್ಗನ್ನು ಒಂದೊಂದಾಗಿ ಕೀಳಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು. ಟಿವಿ, ಸೆಟ್ ಟಾಪ್ ಬಾಕ್ಸ್, ವಾಷಿಂಗ್ ಮಷಿನ್‌ಗಳ ಒಳಗಿನ ಸಪ್ಲೈ ರಿಮೋಟಿನಲ್ಲಿ ಆರಿಸಿದರೂ ಓಡುತ್ತಲೇ ಇರುತ್ತದೆ. ಒಂದೇ ಮೂಲ ಇರುವುದು ಕಡಿಮೆ ಎಂಬುದೂ ನೆನಪಿರಲಿ. ಜೋರಾದ ಒಂದನ್ನು ತೆಗೆದ ಮೇಲೆ ಅದರ ಕೆಳಗಿದ್ದ ಎರಡನೆಯದು ಕಾಣುತ್ತದೆ, ಹಾಗೆಯೇ ಮೂರನೆಯದು.

ಕಿವಿ ಮತ್ತು ವಾಟರ್‌ಫಾಲ್ (ಯಾವ ಫ್ರೀಕ್ವೆನ್ಸಿಯಲ್ಲಿ ಏನಿದೆ ಎಂದು ತೋರಿಸುವ ಪರದೆಯ ಚಿತ್ರ) ಸೇರಿದರೆ ಹುಡುಕಾಟ ಅರ್ಧ ಮುಗಿದಂತೆ. ಚಾರ್ಜರ್, ಎಲ್‌ಇಡಿ ಡ್ರೈವರ್‌ಗಳ ಎಸ್‌ಎಂಪಿಎಸ್ ಗದ್ದಲ 50ರಿಂದ 100 ಕಿಲೋಹರ್ಟ್ಸ್ ಆಸುಪಾಸಿನ ಸಮ ಅಂತರದಲ್ಲಿ ಮಬ್ಬು ಗೆರೆಗಳಾಗಿ ನಿಲ್ಲುತ್ತದೆ. ಲೋಡ್ ಮತ್ತು ಬಿಸಿ ಬದಲಾದಂತೆ ಗೆರೆಗಳು ಮೆಲ್ಲಗೆ ಸರಿದಾಡುತ್ತವೆ. ಬಿಎಲ್‌ಡಿಸಿ ಫ್ಯಾನಿನದು ವೇಗ ಬದಲಿಸಿದಾಗ ದನಿ ಬದಲಿಸುತ್ತದೆ. ಬೆಳಗ್ಗೆ ಏಳಕ್ಕೆ ಶುರುವಾಗಿ ಸಂಜೆ ಸೂರ್ಯ ಇಳಿದಾಗ ನಿಲ್ಲುವುದು ಸೋಲಾರ್ ಇನ್ವರ್ಟರ್. 14.030, 21.052 ಮೆಗಾಹರ್ಟ್ಸ್ ಹತ್ತಿರ ಒಂಟಿಯಾಗಿ ನಿಂತು ಗುರುಗುಟ್ಟುವ ಸಿಗ್ನಲ್ ಕೇಳಿದರೆ ಈಥರ್‌ನೆಟ್ ಕೇಬಲ್ ನೋಡಿ. ಮಲೆನಾಡು, ಕೊಡಗಿನ ತೋಟಗಳ ಪಕ್ಕದವರಿಗೆ ಸೆಕೆಂಡಿಗೊಮ್ಮೆ ‘ಟಕ್’ ಎನ್ನುವ ಸದ್ದು ಗೊತ್ತಿರುತ್ತದೆ, ಅದು ಆನೆ ತಡೆಯುವ ಸೋಲಾರ್ ಬೇಲಿ. ಬೇಲಿಯ ಯಂತ್ರ ಸುಮ್ಮನೆ ಅಷ್ಟು ಗದ್ದಲ ಮಾಡುವುದಿಲ್ಲ. ತಂತಿಗೆ ತಾಗಿದ ಬಳ್ಳಿ, ಬಿರುಕು ಬಿಟ್ಟ ಇನ್ಸುಲೇಟರ್, ಕೈಯಲ್ಲಿ ತಿರುಚಿ ಕಟ್ಟಿದ ಜೋಡಣೆ ಇವುಗಳಲ್ಲಿ ಕಿಡಿ ಹಾರಿದಾಗ ಟಕ್ ಕೇಳುತ್ತದೆ. ಅಂಥ ಜಾಗದಲ್ಲಿ ಬೇಲಿಯೂ ಸರಿಯಾಗಿ ಹೊಡೆಯುವುದಿಲ್ಲವಾದ್ದರಿಂದ ತೋಟದವರೇ ಖುಷಿಯಿಂದ ಸರಿಪಡಿಸುತ್ತಾರೆ.

ಮನೆಯೆಲ್ಲ ಆರಿದರೂ ಗದ್ದಲ ಹಾಗೇ ಇದ್ದು, ಒರಟಾದ ಗುರ್ರ್ ದನಿ ಇದ್ದರೆ ವಿದ್ಯುತ್ ಕಂಬದ ಕಡೆ ನೋಡಬೇಕು. ನಮ್ಮ 50 ಹರ್ಟ್ಸ್ ಸಪ್ಲೈಯ ಪ್ರತಿ ಅರ್ಧ ಸುತ್ತಿಗೂ ಕಿಡಿ ಹಾರುವುದರಿಂದ ಆ ದನಿ ಸೆಕೆಂಡಿಗೆ 100 ಸಲ ಬಡಿಯುತ್ತದೆ. ಒಣ ಹವೆಯಲ್ಲಿ ಹೆಚ್ಚಾಗಿ, ಮಳೆ ಬಂದ ಕೂಡಲೇ ನಿಂತರೆ ಸಡಿಲವಾದ ಬೋಲ್ಟು, ಬೈಂಡಿಂಗ್ ತಂತಿ ಇರಬಹುದು. ಮಂಜು, ತುಂತುರಿನಲ್ಲಿ ಹೆಚ್ಚಾದರೆ ಧೂಳು ಹಿಡಿದ ಇನ್ಸುಲೇಟರ್. ಕಂಬ ಯಾವುದೆಂದು ಎಚ್‌ಎಫ್ ರೇಡಿಯೊ ಹಿಡಿದು ಹುಡುಕಿದರೆ ದಾರಿ ತಪ್ಪುತ್ತದೆ, ಏಕೆಂದರೆ ಕಡಿಮೆ ಫ್ರೀಕ್ವೆನ್ಸಿಯ ಗದ್ದಲ ತಂತಿಗುಂಟ ಬಹಳ ದೂರ ಹರಿದು ಎಲ್ಲೆಲ್ಲೋ ಏರಿ ಇಳಿಯುತ್ತದೆ. ಮೇಲಿನ ಫ್ರೀಕ್ವೆನ್ಸಿಗೆ ಹೋದಷ್ಟೂ ಮೂಲದ ಹತ್ತಿರ ಮಾತ್ರ ಕೇಳುತ್ತದೆ. ವಿಮಾನದ ಬ್ಯಾಂಡನ್ನು ಎಎಂನಲ್ಲಿ ಕೇಳಬಲ್ಲ ಹ್ಯಾಂಡ್‌ಸೆಟ್, 145 ಮೆಗಾಹರ್ಟ್ಸ್‌ನ ಮೂರು ಎಲಿಮೆಂಟಿನ ಯಾಗಿ (ಒಂದೇ ದಿಕ್ಕಿಗೆ ಕೇಳುವ ಆಂಟೆನಾ) ಹಿಡಿದು ರಸ್ತೆಯಲ್ಲಿ ನಡೆದರೆ ಕಂಬ ಸಿಗುತ್ತದೆ. ಕಂಬದ ನಂಬರ್ ಬರೆದುಕೊಂಡು ವಿದ್ಯುತ್ ಕಂಪನಿಯ 1912ಕ್ಕೆ ದೂರು ಕೊಡಿ. ಕಂಬಕ್ಕೆ ಗುದ್ದುವುದು, ಸ್ಟೇ ತಂತಿ ಅಲುಗಾಡಿಸಿ ನೋಡುವುದು ಬೇಡವೇ ಬೇಡ: ಮೇಲೆ 11 ಸಾವಿರ ವೋಲ್ಟ್ ಇದೆ, ಸಡಿಲವಾಗಿದೆ ಎಂದು ನಾವು ಅನುಮಾನಿಸುತ್ತಿರುವುದೂ ಅದನ್ನೇ.

ಒಳಗೆ ಬರುವುದೂ ಹೊರಗೆ ಹೋಗುವುದೂ ಒಂದೇ ದಾರಿ

ರೇಡಿಯೊದಿಂದ ಆಂಟೆನಾಕ್ಕೆ ಹೋಗುವ ಕೋಆಕ್ಸ್ ಕೇಬಲ್ಲಿನಲ್ಲಿ ಎರಡು ವಾಹಕಗಳಿವೆ ಎಂದು ಎಲ್ಲರೂ ಓದಿರುತ್ತೇವೆ. ಆರ್‌ಎಫ್ ಲೆಕ್ಕದಲ್ಲಿ ಅವು ಮೂರು: ಒಳಗಿನ ತಂತಿ, ಅದರ ಸುತ್ತಲಿನ ತಾಮ್ರದ ಹೆಣಿಗೆಯ ಒಳಮೈ, ಹೆಣಿಗೆಯ ಹೊರಮೈ. ಮೊದಲೆರಡರಲ್ಲಿ ಸಮನಾದ, ಎದುರುಬದುರು ಕರೆಂಟ್ ಹರಿದು ಸಿಗ್ನಲ್ ಒಯ್ಯುತ್ತದೆ. ಮೂರನೆಯದು ಯಾರೂ ಲೆಕ್ಕಕ್ಕಿಡದ ಇನ್ನೊಂದು ಆಂಟೆನಾ. ಅದು ಚಾವಣಿಯಿಂದ ಇಳಿದು, ಮನೆಯ ವೈರಿಂಗ್ ಪಕ್ಕದಲ್ಲೇ ಹಾದು, ಎಲ್ಲ ಚಾರ್ಜರುಗಳ ಗದ್ದಲವನ್ನೂ ಹೀರಿ, ಮೇಲಕ್ಕೆ ಫೀಡ್ ಪಾಯಿಂಟಿಗೆ (ಕೇಬಲ್ ಆಂಟೆನಾಕ್ಕೆ ಸೇರುವ ಜಾಗಕ್ಕೆ) ಒಯ್ದು, ಅಲ್ಲಿಂದ ಕೇಬಲ್ಲಿನ ಒಳಗೆ ತುಂಬುತ್ತದೆ. ನಾವು ಮಾತಾಡಲು ಪಿಟಿಟಿ ಗುಂಡಿ ಒತ್ತಿದಾಗ ಅದೇ ಹೊರಮೈ ಮೇಲೆ ನಮ್ಮ ಆರ್‌ಎಫ್ ಕೆಳಗಿಳಿದು ಮೈಕಿಗೆ, ಕಂಪ್ಯೂಟರಿನ ಯುಎಸ್‌ಬಿಗೆ, ಪಕ್ಕದ ಕೋಣೆಯ ಸ್ಪೀಕರಿಗೆ ನುಗ್ಗುತ್ತದೆ. ಇದನ್ನೇ ಕಾಮನ್ ಮೋಡ್ ಕರೆಂಟ್ ಎನ್ನುವುದು. ‘ಗದ್ದಲ ಬರುತ್ತದೆ’ ಎಂಬ ದೂರು, ‘ಮಾತಾಡಿದರೆ ಎಲ್‌ಇಡಿ ಬಲ್ಬು ಮಿಣುಕುತ್ತದೆ’ ಎಂಬ ದೂರು, ಎರಡೂ ಒಂದೇ ಸ್ಟೇಷನ್ನಿನಿಂದ ಬರುವುದು ಇದೇ ಕಾರಣಕ್ಕೆ.

ಹರಿಯುತ್ತಿದೆಯೇ ಎಂದು ತಿಳಿಯುವ ಸುಲಭ ಗುರುತು: ಕೇಬಲ್ಲನ್ನು ಕೈಯಿಂದ ಹಿಡಿದಾಗ ಅಥವಾ ಜಾಗ ಸರಿಸಿದಾಗ ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಎಷ್ಟು ಪವರ್ ವಾಪಸ್ ಬರುತ್ತಿದೆ ಎಂಬ ಅಳತೆ) ಬದಲಾದರೆ ಹೊರಮೈಯಲ್ಲಿ ಕರೆಂಟ್ ಇದೆ. ಈ ಪರೀಕ್ಷೆಗೆ 5 ವಾಟಿಗಿಂತ ಹೆಚ್ಚು ಬೇಡ.

ಔಷಧ ಚೋಕ್, ಅಂದರೆ ಹೊರಮೈಯ ಕರೆಂಟನ್ನು ತಡೆಯುವ ಸುರುಳಿ. 31ನೇ ಮಿಕ್ಸ್‌ನ (ಮಿಕ್ಸ್ ಎಂದರೆ ವಸ್ತುವಿನ ಬಗೆ), 2.4 ಇಂಚು ವ್ಯಾಸದ ಫೆರೈಟ್ ಟೊರಾಯ್ಡಿಗೆ (ಉಂಗುರಕ್ಕೆ) ಆರ್‌ಜಿ-58 ಕೇಬಲ್ಲಿನ 12 ಸುತ್ತು ಹಾಕಿದರೆ 7 ಮೆಗಾಹರ್ಟ್ಸ್‌ನಲ್ಲಿ ಹಲವು ಸಾವಿರ ಓಮ್ ತಡೆ ಸಿಗುತ್ತದೆ. ರಂಧ್ರದೊಳಗೆ ಒಮ್ಮೆ ಹಾದರೂ ಅದು ಒಂದು ಸುತ್ತೇ. ತಡೆ ಹೆಚ್ಚುಕಡಿಮೆ ಸುತ್ತುಗಳ ವರ್ಗದಂತೆ ಏರುತ್ತದೆ; ಆದ್ದರಿಂದಲೇ ಕೇಬಲ್ ಮೇಲೆ ಕಚ್ಚಿಸುವ ಒಂದು ಕ್ಲಿಪ್ ಫೆರೈಟ್ ಎಚ್‌ಎಫ್‌ನಲ್ಲಿ ಏನೂ ಮಾಡುವುದಿಲ್ಲ, ಒಂದು ಸುತ್ತಿಗೆ ಸಿಗುವುದು ಕೆಲವು ಹತ್ತು ಓಮ್ ಅಷ್ಟೆ. ಮೊದಲ ಚೋಕ್ ಫೀಡ್ ಪಾಯಿಂಟಿನಲ್ಲಿ, ಎರಡನೆಯದು ಕೇಬಲ್ ಮನೆ ಹೊಗುವ ಜಾಗದಲ್ಲಿ. 49:1 ಟ್ರಾನ್ಸ್‌ಫಾರ್ಮರಿನ ಎಂಡ್ ಫೆಡ್ (ಒಂದು ತುದಿಯಿಂದ ಕೇಬಲ್ ಸೇರುವ ತಂತಿ ಆಂಟೆನಾ) ಹಾಕಿದವರು ಮಾತ್ರ ಮೊದಲ ಚೋಕನ್ನು ಟ್ರಾನ್ಸ್‌ಫಾರ್ಮರಿಗೆ ಅಂಟಿಸದೆ, 7 ಮೆಗಾಹರ್ಟ್ಸ್‌ಗಾದರೆ 2 ಮೀಟರ್ ಕೆಳಗೆ ಹಾಕಬೇಕು. ಆ ಆಂಟೆನಾಕ್ಕೆ ಕೌಂಟರ್‌ಪಾಯ್ಸ್ (ಕರೆಂಟ್ ಮರಳಲು ಇನ್ನೊಂದು ತಂತಿ) ಬೇಕೇ ಬೇಕು. ಬೇರೆ ಕೊಡದಿದ್ದರೆ ಅದು ಕೇಬಲ್ಲನ್ನೇ ಬಳಸಿಕೊಳ್ಳುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಗುರುತಿಲ್ಲದ ಉಂಗುರಗಳನ್ನು ನಂಬುವ ಮುನ್ನ ಅಳೆಯಬೇಕು. ಹಳೆ ಕಂಪ್ಯೂಟರ್ ಎಸ್‌ಎಂಪಿಎಸ್‌ನಿಂದ ಕಿತ್ತ ಹಳದಿ-ಬಿಳಿ ಬಣ್ಣದ ಉಂಗುರ ಫೆರೈಟೇ ಅಲ್ಲ, ಕಬ್ಬಿಣದ ಪುಡಿಯದು; ಚೋಕಿಗೆ ಬರುವುದಿಲ್ಲ. ನ್ಯಾನೊವಿಎನ್‌ಎ (ಆರ್‌ಎಫ್ ಅಳೆಯುವ ಪುಟ್ಟ ಯಂತ್ರ) ಇದ್ದರೆ ಎರಡು ಪೋರ್ಟುಗಳ ಒಳತಂತಿಗಳ ನಡುವೆ ಚೋಕಿನ ಹೆಣಿಗೆಯನ್ನು ಮಾತ್ರ ಸರಣಿಯಲ್ಲಿ ಸೇರಿಸಿ ಎಸ್21 (ಒಂದು ಪೋರ್ಟಿನಿಂದ ಇನ್ನೊಂದಕ್ಕೆ ದಾಟಿದ ಸಿಗ್ನಲ್) ನೋಡಿ. 30 ಡಿಬಿ ಇಳಿತ ಎಂದರೆ ಸುಮಾರು 3,000 ಓಮ್, ಅಷ್ಟಿದ್ದರೆ ಸಾಕು. 20 ಡಿಬಿ ಎಂದರೆ ಬರೀ 900 ಓಮ್.

ಮನೆಯ ಗದ್ದಲದ ಮೂಲಕ್ಕೂ ಇದೇ ಮದ್ದು. ಚಾರ್ಜರಿನ ಎರಡೂ ಕಡೆಯ ವೈರನ್ನು, ಎರಡೆಳೆಯನ್ನೂ ಸೇರಿಸಿ, ಅದೇ ಬಗೆಯ ಉಂಗುರಕ್ಕೆ 8ರಿಂದ 10 ಸುತ್ತು ಹಾಕಿ, ಉಂಗುರ ಸಾಮಾನಿಗೆ ತೀರ ಹತ್ತಿರ ಇರಲಿ. ಎಲ್‌ಇಡಿ ಬಲ್ಬಿಗೆ ಮಾತ್ರ ಇಷ್ಟು ಕಷ್ಟಪಡಬೇಡಿ. ಬೇರೆ ಕಂಪನಿಯ ನಾಲ್ಕೈದು ಬಲ್ಬು ತಂದು ಪೋರ್ಟಬಲ್ ಎಎಂ ರೇಡಿಯೊ ಹತ್ತಿರ ಒಂದೊಂದನ್ನೇ ಹಚ್ಚಿ, ಸದ್ದಿಲ್ಲದ್ದನ್ನು ಉಳಿಸಿಕೊಳ್ಳುವುದು ಅಗ್ಗ.

ಪಕ್ಕದ ಮನೆಯ ದೂರು ಬಂದರೆ ಮೊದಲು ಡಮ್ಮಿ ಲೋಡಿಗೆ ಟ್ರಾನ್ಸ್‌ಮಿಟ್ ಮಾಡಿ ನೋಡಿ. ಆಗಲೂ ತೊಂದರೆ ಇದ್ದರೆ ಆರ್‌ಎಫ್ ರೇಡಿಯೊ ಪೆಟ್ಟಿಗೆಯಿಂದ, ಪವರ್ ವೈರಿನಿಂದ ಸೋರುತ್ತಿದೆ. ಇಲ್ಲವಾದರೆ 100 ವಾಟನ್ನು 10ಕ್ಕೆ ಇಳಿಸಿ ಆಂಟೆನಾದಲ್ಲಿ ಪರೀಕ್ಷಿಸಿ. ಸ್ಪೀಕರಿನಲ್ಲಿ ನಿಮ್ಮ ದನಿ ಕೇಳುತ್ತಿದ್ದರೆ ಅದು ಆ ಆಂಪ್ಲಿಫೈಯರ್ ಆರ್‌ಎಫ್ ಅನ್ನು ರೆಕ್ಟಿಫೈ ಮಾಡಿ ದನಿಯಾಗಿಸುತ್ತಿರುವುದು. ನಿಮ್ಮ ಟ್ರಾನ್ಸ್‌ಮಿಟರಿಗೆ ಎಂಥ ಲೋ ಪಾಸ್ ಫಿಲ್ಟರ್ ಹಾಕಿದರೂ ಹೋಗುವುದಿಲ್ಲ, ಫೆರೈಟ್ ಅವರ ಸ್ಪೀಕರ್ ವೈರಿಗೇ ಬೇಕು. ಲೋ ಪಾಸ್ ಫಿಲ್ಟರ್ ಕೆಲಸ ಮಾಡುವುದು ಹಾರ್ಮೋನಿಕ್ (ಮೂಲ ಫ್ರೀಕ್ವೆನ್ಸಿಯ ಎರಡು, ಮೂರು ಪಟ್ಟಿನಲ್ಲಿ ಹೊರಡುವ ಸಿಗ್ನಲ್) ಇದ್ದಾಗ ಮಾತ್ರ. 145 ಮೆಗಾಹರ್ಟ್ಸ್‌ನ ಮೂರನೇ ಹಾರ್ಮೋನಿಕ್ 435ರಲ್ಲಿ ನಮ್ಮದೇ ಯುಎಚ್‌ಎಫ್ ಬ್ಯಾಂಡಿಗೆ ಬೀಳುತ್ತದೆ, ಆದರೆ ಎರಡನೆಯದು 290ರಲ್ಲಿ ಬೇರೆಯವರ ಜಾಗದಲ್ಲಿದೆ.

ವಿಎಚ್‌ಎಫ್‌ನಲ್ಲಿ (145 ಮೆಗಾಹರ್ಟ್ಸ್ ಆಸುಪಾಸಿನಲ್ಲಿ) ಇಲ್ಲದ ಸ್ಟೇಷನ್ ಕೇಳುವುದು ಇನ್ನೊಂದು ಬಗೆ. 145.500 ಮತ್ತು 145.900ರ ಎರಡು ಜೋರು ಸಿಗ್ನಲ್ ಸೇರಿ ನಿಮ್ಮ ರಿಸೀವರಿನೊಳಗೇ 145.100ರಲ್ಲಿ ಮೂರನೆಯದನ್ನು ಹುಟ್ಟಿಸಬಲ್ಲವು. 10 ಡಿಬಿ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಸಾಧನ) ಹಾಕಿ: ನಿಜವಾದ ಸಿಗ್ನಲ್ 10 ಡಿಬಿ ಇಳಿಯುತ್ತದೆ, ಒಳಗೆ ಹುಟ್ಟಿದ್ದು 30 ಡಿಬಿ ಇಳಿದು ಮಾಯವಾಗುತ್ತದೆ.

ಅಗಲವಾದ ಎಫ್‌ಎಂ

ರಿಪೀಟರಿನಲ್ಲಿ (ಸಿಗ್ನಲ್ ಹಿಡಿದು ಮತ್ತೆ ದೂರಕ್ಕೆ ಕಳಿಸುವ ಸ್ಟೇಷನ್ನಿನಲ್ಲಿ) ಒಬ್ಬರ ದನಿ ಮಾತ್ರ ಜೋರು ಅಕ್ಷರಗಳಲ್ಲಿ ಕತ್ತರಿಸಿ ಬರುತ್ತದೆ, ಮೆಲ್ಲಗೆ ಮಾತಾಡಿದರೆ ಸರಿಯಾಗುತ್ತದೆ ಎಂದರೆ ಅದು ಡೀವಿಯೇಷನ್ ಹೆಚ್ಚಾದ ಲಕ್ಷಣ. ಪವರ್ ಹೆಚ್ಚಿಸಿದರೆ ಇದು ಸುಧಾರಿಸುವುದಿಲ್ಲ. ಎಫ್‌ಎಂನಲ್ಲಿ ದನಿ ಏರಿದಷ್ಟೂ ಕ್ಯಾರಿಯರ್ (ದನಿ ಹೊತ್ತೊಯ್ಯುವ ಮೂಲ ತರಂಗ) ಅಕ್ಕಪಕ್ಕ ದೂರ ಓಡುತ್ತದೆ, ಆ ಓಟವೇ ಡೀವಿಯೇಷನ್. 25 ಕಿಲೋಹರ್ಟ್ಸ್ ಚಾನೆಲ್ಲಿನಲ್ಲಿ ಅದರ ಮಿತಿ ಎರಡೂ ಕಡೆ 5 ಕಿಲೋಹರ್ಟ್ಸ್, 12.5ರ ಚಾನೆಲ್ಲಿನಲ್ಲಿ 2.5. ದನಿ 3 ಕಿಲೋಹರ್ಟ್ಸ್‌ವರೆಗೆ ಇದೆ ಎಂದುಕೊಂಡರೆ ಸಿಗ್ನಲ್ ಹಿಡಿಯುವ ಅಗಲ 2 × (5 + 3), ಅಂದರೆ 16 ಕಿಲೋಹರ್ಟ್ಸ್, 12.5ರ ನ್ಯಾರೋ ಚಾನೆಲ್ಲಿನಲ್ಲಿ 11. ಹ್ಯಾಂಡ್‌ಸೆಟ್ಟಿನಲ್ಲಿ ವೈಡ್ ಇಟ್ಟು ನ್ಯಾರೋ ರಿಪೀಟರಿಗೆ ಮಾತಾಡಿದರೆ ಸಿಗ್ನಲ್ಲಿನ ಅಂಚುಗಳು ಅದರ ಐಎಫ್ ಫಿಲ್ಟರಿನ ಆಚೆ ಹೋಗಿ ಮಾತು ತುಂಡಾಗುತ್ತದೆ. ತಿರುಗುಮುರುಗಾದರೆ ದನಿ ಬಡಕಲು. ರಿಪೀಟರ್ ನಡೆಸುವವರನ್ನು ಕೇಳಿ ಮೆನು ಸರಿಪಡಿಸುವುದೇ ಅರ್ಧ ದೂರುಗಳಿಗೆ ಪರಿಹಾರ.

ಉಳಿದದ್ದಕ್ಕೆ ಅಳತೆ ಬೇಕು. ಅದಕ್ಕೆ ದುಬಾರಿ ಸರ್ವಿಸ್ ಮಾನಿಟರ್ ಬೇಡ, ಒಂದು ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ರಿಸೀವರ್) ಮತ್ತು ಫೋನಿನಲ್ಲಿ ಟೋನ್ ಜನರೇಟರ್ ಆಪ್ ಸಾಕು. ಇದರ ಹಿಂದಿನ ಗಣಿತ ಸುಂದರವಾಗಿದೆ: ಡೀವಿಯೇಷನ್ನನ್ನು ಟೋನಿನ ಫ್ರೀಕ್ವೆನ್ಸಿಯಿಂದ ಭಾಗಿಸಿದಾಗ 2.405 ಬಂದರೆ, ಆ ಕ್ಷಣ ನಡುವಿನ ಕ್ಯಾರಿಯರ್ ಪೂರ್ತಿ ಮಾಯವಾಗುತ್ತದೆ, ಶಕ್ತಿಯೆಲ್ಲ ಪಕ್ಕದ ಸೈಡ್‌ಬ್ಯಾಂಡುಗಳಿಗೆ ಹೋಗಿರುತ್ತದೆ. 5,000ವನ್ನು 2.405ರಿಂದ ಭಾಗಿಸಿದರೆ 2,079. ಹಾಗಾಗಿ 5 ಕಿಲೋಹರ್ಟ್ಸ್ ಅಳೆಯಲು 2,079 ಹರ್ಟ್ಸ್ ಟೋನ್, 2.5ಕ್ಕೆ 1,040 ಹರ್ಟ್ಸ್.

ರೇಡಿಯೊವನ್ನು ಡಮ್ಮಿ ಲೋಡಿಗೆ ಹಾಕಿ, ಪವರ್ ಕಡಿಮೆ ಮಾಡಿ, ಸಿಟಿಸಿಎಸ್‌ಎಸ್ ಟೋನ್ (ರಿಪೀಟರ್ ತೆರೆಯಲು ಕಳಿಸುವ ಸಣ್ಣ ಟೋನ್) ಆಫ್ ಮಾಡಿ. ಡಾಂಗಲ್ಲನ್ನು ಆಂಟೆನಾ ಇಲ್ಲದೆ ಕೆಲವು ಮೀಟರ್ ದೂರ ಇಟ್ಟು, ಗೇನ್ ಇಳಿಸಿ, 50 ಕಿಲೋಹರ್ಟ್ಸ್ ಅಗಲ ಕಾಣುವಂತೆ ಹಿಗ್ಗಿಸಿ. ಪಿಟಿಟಿ ಒತ್ತಿದಾಗ ಒಂದೇ ಗೆರೆ ಕಾಣಬೇಕು. ಫೋನನ್ನು ಮೈಕಿಗೆ ಹಿಡಿದು 2,079 ಹರ್ಟ್ಸ್ ಟೋನಿನ ಸದ್ದನ್ನು ಸೊನ್ನೆಯಿಂದ ನಿಧಾನವಾಗಿ ಏರಿಸುತ್ತ ಬಂದರೆ ಎರಡೂ ಪಕ್ಕ ಗೆರೆಗಳು ಹುಟ್ಟುತ್ತವೆ, ನಡುವಿನದು ಕುಗ್ಗುತ್ತದೆ. ಅದು ಮೊದಲ ಸಲ ಮಾಯವಾದ ಜಾಗವೇ ಸರಿಯಾಗಿ 5 ಕಿಲೋಹರ್ಟ್ಸ್. ಈಗ ಟೋನನ್ನು ಇನ್ನೂ ಜೋರು ಮಾಡಿ. ಡೀವಿಯೇಷನ್ ಮಿತಿಯಲ್ಲಿಡುವ ಲಿಮಿಟರ್ ಸರಿಯಿದ್ದರೆ ಚಿತ್ರ ಹೆಚ್ಚು ಬದಲಾಗುವುದಿಲ್ಲ. ನಡುವಿನ ಗೆರೆ ಮತ್ತೆ ದಪ್ಪಗೆ ಬೆಳೆದು ಎರಡನೇ ಸಲ ಮಾಯವಾದರೆ ಅನುಪಾತ 5.52ಕ್ಕೆ ತಲುಪಿದೆ, ಅಂದರೆ ಡೀವಿಯೇಷನ್ 11.5 ಕಿಲೋಹರ್ಟ್ಸ್: ಪಕ್ಕದ ಚಾನೆಲ್ಲನ್ನೂ ಕೆಡಿಸುತ್ತಿದೆ. ಸೊನ್ನೆಯಿಂದಲೇ ಶುರು ಮಾಡಬೇಕೆನ್ನುವುದು ಇದಕ್ಕೇ, ಇಲ್ಲದಿದ್ದರೆ ಎರಡನೇ ಮಾಯವನ್ನು ಮೊದಲನೆಯದೆಂದು ತಿಳಿಯುವ ಅಪಾಯವಿದೆ. ಹಳೆ ಸೆಟ್ಟುಗಳಲ್ಲಿ ಡೀವಿಯೇಷನ್ನಿಗೆ ಒಳಗೆ ಪ್ರೀಸೆಟ್ ಇರುತ್ತದೆ, ಹೊಸದರಲ್ಲಿ ಸರ್ವಿಸ್ ಮೆನು. ಎರಡೂ ಇಲ್ಲದಿದ್ದರೆ ಮೈಕ್ ಗೇನ್ ಇಳಿಸಿ.

ಕಂಪ್ಯೂಟರಿನಿಂದ ಸಂದೇಶ ಕಳಿಸುವ ಎಫ್‌ಟಿ8ರಲ್ಲೂ ಅಗಲವಾಗುವ ರೋಗ ಇದೆ. ಕಂಪ್ಯೂಟರಿನ ಆಡಿಯೊ ಜಾಸ್ತಿಯಾಗಿ 600 ಹರ್ಟ್ಸ್ ಟೋನಿನ ಜತೆ 1,200, 1,800ರಲ್ಲೂ ನೆರಳುಗಳು ಮೂಡುತ್ತವೆ. ಎಎಲ್‌ಸಿ (ಆಡಿಯೊ ಮಿತಿ ಮೀರಿದ್ದನ್ನು ತೋರಿಸುವ) ಮುಳ್ಳು ಏಳದಷ್ಟು ಆಡಿಯೊ ಇಳಿಸಿ, ಟೋನನ್ನು 1,500ರ ಮೇಲೆ ಇಟ್ಟರೆ ನೆರಳುಗಳು ಫಿಲ್ಟರಿನ ಆಚೆ ಬೀಳುತ್ತವೆ.

ಜಾರುವ ಫ್ರೀಕ್ವೆನ್ಸಿ

ಜಾರುವಿಕೆಯನ್ನು ಪಿಪಿಎಂನಲ್ಲಿ, ಅಂದರೆ ಹತ್ತು ಲಕ್ಷಕ್ಕೆ ಇಷ್ಟು ಎಂದು ಅಳೆಯುತ್ತಾರೆ. 1 ಪಿಪಿಎಂ ಎಂದರೆ 14.2 ಮೆಗಾಹರ್ಟ್ಸ್‌ನಲ್ಲಿ 14 ಹರ್ಟ್ಸ್, ಯಾರೂ ಗಮನಿಸುವುದಿಲ್ಲ. 435ರಲ್ಲಿ 435 ಹರ್ಟ್ಸ್, ಎಸ್‌ಎಸ್‌ಬಿಯಲ್ಲಿ (ಕ್ಯಾರಿಯರ್ ಇಲ್ಲದೆ ಒಂದೇ ಸೈಡ್‌ಬ್ಯಾಂಡ್ ಕಳಿಸುವ ಬಗೆಯಲ್ಲಿ) ದನಿ ವಿಕಾರವಾಗುತ್ತದೆ. ನಿಮ್ಮ ರೇಡಿಯೊ ಎಷ್ಟು ತಪ್ಪಿದೆ ಎಂದು ತಿಳಿಯಲು ಚೀನಾದ ಸಮಯಪ್ರಸಾರ ಕೇಂದ್ರ ಬಿಪಿಎಂ 5, 10, 15 ಮೆಗಾಹರ್ಟ್ಸ್‌ನಲ್ಲಿ ಸಿಗುತ್ತದೆ. ಸೆಟ್ 20 ನಿಮಿಷ ಬಿಸಿಯಾಗಲಿ. ಆಮೇಲೆ ಯುಎಸ್‌ಬಿ (ಮೇಲಿನ ಸೈಡ್‌ಬ್ಯಾಂಡ್) ಮೋಡಿನಲ್ಲಿ 9.999 ಮೆಗಾಹರ್ಟ್ಸ್‌ಗೆ ಟ್ಯೂನ್ ಮಾಡಿದರೆ ಕ್ಯಾರಿಯರ್ 1,000 ಹರ್ಟ್ಸ್ ಟೋನಾಗಿ ಕೇಳಬೇಕು. ಕಂಪ್ಯೂಟರಿನ ಸ್ಪೆಕ್ಟ್ರಮ್‌ನಲ್ಲಿ 1,012 ಎಂದು ಕಂಡರೆ ನಿಮ್ಮ ಸೆಟ್ ತೋರಿಸುವುದಕ್ಕಿಂತ 12 ಹರ್ಟ್ಸ್ ಕೆಳಗಿದೆ: 1.2 ಪಿಪಿಎಂ ತಪ್ಪು. ತರಂಗ ತಿರುಗಿ ಬರುವ ಅಯಾನುಗೋಳದಿಂದಾಗಿ ಒಂದು ಹರ್ಟ್ಸ್ ಆಚೀಚೆ ಆಗುವುದು ಸಹಜ, ಅದರ ಬೆನ್ನು ಹತ್ತಬೇಡಿ.

ಮಾತಾಡುವಾಗ ಮಾತ್ರ ಫ್ರೀಕ್ವೆನ್ಸಿ ಅದುರಿದರೆ ಪವರ್ ವೈರ್ ನೋಡಿ. 100 ವಾಟ್ ಸೆಟ್ 20 ಆಂಪಿಯರ್ ಎಳೆಯುತ್ತದೆ. 3 ಮೀಟರ್ ಉದ್ದದ 2.5 ಚದರ ಮಿಲಿಮೀಟರ್ ವೈರಿನಲ್ಲಿ, ಹೋಗಿ ಬರುವ ದಾರಿ ಸೇರಿ, ಹತ್ತಿರ ಹತ್ತಿರ 0.9 ವೋಲ್ಟ್ ಕಳೆದುಹೋಗುತ್ತದೆ. 6 ಚದರ ಮಿಲಿಮೀಟರಿನಲ್ಲಿ 0.4. ಇದರ ಮೇಲೆ ಫ್ಯೂಸ್ ಹೋಲ್ಡರಿನ ತುಕ್ಕೂ ಸೇರಿದರೆ ಬ್ಯಾಟರಿಯ 12.4 ವೋಲ್ಟ್ ಸೆಟ್ಟಿಗೆ ಮುಟ್ಟುವಾಗ 11ರ ಹತ್ತಿರ ಇರುತ್ತದೆ, ಹೆಚ್ಚಿನ ಸೆಟ್ಟುಗಳು ಕೇಳುವ ಕನಿಷ್ಠ 11.7 ವೋಲ್ಟಿಗಿಂತ ಕೆಳಗೆ.

ಕೈಯಲ್ಲಿ ಕಟ್ಟಿದ ವಿಎಫ್‌ಒ (ಫ್ರೀಕ್ವೆನ್ಸಿ ಹುಟ್ಟಿಸುವ ಸರ್ಕ್ಯೂಟ್) ಜಾರಿದರೆ ಮೊದಲು ಕೆಪಾಸಿಟರ್ ಬದಲಿಸಿ. ಟ್ಯೂನ್ಡ್ ಸರ್ಕ್ಯೂಟಿನಲ್ಲಿ ಸಾದಾ ಡಿಸ್ಕ್ ಸೆರಾಮಿಕ್ ಇರಲೇಬಾರದು. ಬಿಸಿಗೆ ಹೆಚ್ಚು ಬದಲಾಗದ ಎನ್‌ಪಿ0 ಅಥವಾ ಪಾಲಿಸ್ಟೈರೀನ್ ಹಾಕಿ. ಕಾಯಿಲಿಗೆ ಕೆಂಪು ಟೊರಾಯ್ಡಿಗಿಂತ ಹಳದಿ, ಅಂದರೆ 6ನೇ ಮಿಕ್ಸ್, ಸ್ಥಿರ. ವಿಎಫ್‌ಒಗೆ ಪ್ರತ್ಯೇಕ ರೆಗ್ಯುಲೇಟರ್, ಮೇಲೆ ಫ್ಯಾನ್ ಗಾಳಿ ತಾಗದಂತೆ ಡಬ್ಬಿ. ಇಷ್ಟಾದರೂ ನಿಲ್ಲದಿದ್ದರೆ ಕ್ರಿಸ್ಟಲ್ಲಿನಿಂದ ಫ್ರೀಕ್ವೆನ್ಸಿ ಹುಟ್ಟಿಸುವ ಎಸ್‌ಐ5351 ಚಿಪ್ಪಿಗೆ ಹೋಗುವುದೇ ಒಳ್ಳೆಯದು, ಅದರ 25 ಮೆಗಾಹರ್ಟ್ಸ್ ಕ್ರಿಸ್ಟಲ್ಲಿನ ತಪ್ಪನ್ನು ಮೇಲೆ ಹೇಳಿದಂತೆ ಅಳೆದು ಪ್ರೋಗ್ರಾಮಿನಲ್ಲೇ ತಿದ್ದಬಹುದು.

ಜಾರುವಿಕೆ ನಿಜಕ್ಕೂ ಕಾಡುವುದು ಹ್ಯಾಮ್‌ಗಳು ಬಳಸುವ ಕ್ಯೂಒ-100 ಉಪಗ್ರಹ ಕೇಳುವವರನ್ನು. 25.9 ಡಿಗ್ರಿ ಪೂರ್ವ ರೇಖಾಂಶದಲ್ಲಿರುವ ಅದು ಬೆಂಗಳೂರಿನಿಂದ ಪಶ್ಚಿಮಕ್ಕೆ, ತುಸು ದಕ್ಷಿಣಕ್ಕೆ ವಾಲಿ, ಸುಮಾರು 30 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ಡಿಟಿಎಚ್ ಡಿಶ್ಶೇ ಸಾಕು. ಆದರೆ ಡಿಶ್ ಮುಂದಿನ ಎಲ್‌ಎನ್‌ಬಿಯ (ಸಿಗ್ನಲ್ಲನ್ನು ಕೆಳಗಿನ ಫ್ರೀಕ್ವೆನ್ಸಿಗೆ ಇಳಿಸುವ ಪೆಟ್ಟಿಗೆಯ) ಲೋಕಲ್ ಆಸಿಲೇಟರ್ 9,750 ಮೆಗಾಹರ್ಟ್ಸ್‌ನಲ್ಲಿದೆ, ಅಲ್ಲಿ 1 ಪಿಪಿಎಂ ಎಂದರೆ 9.75 ಕಿಲೋಹರ್ಟ್ಸ್: ಮೂರು ಎಸ್‌ಎಸ್‌ಬಿ ಸಂಭಾಷಣೆ ದಾಟಿ ಹೋಗುವಷ್ಟು. ಡಿಶ್ ಮೇಲೆ ಮೋಡದ ನೆರಳು ಬಿದ್ದರೂ ಸಿಗ್ನಲ್ ಸರಿಯುತ್ತದೆ. ಕ್ರಿಸ್ಟಲ್ಲಿಗೆ ಕಟ್ಟಿಹಾಕಿದ ಪಿಎಲ್‌ಎಲ್ ಬಗೆಯ ಎಲ್‌ಎನ್‌ಬಿಯನ್ನೇ ಕೊಳ್ಳಿ. 10,489.750 ಮೆಗಾಹರ್ಟ್ಸ್‌ನ ನಡು ಬೀಕನ್ನಿಗೆ (ಉಪಗ್ರಹದಿಂದ ಸದಾ ಬರುವ ಗುರುತಿನ ಸಿಗ್ನಲ್ಲಿಗೆ) ಎಸ್‌ಡಿಆರ್ ಸಾಫ್ಟ್‌ವೇರನ್ನು ಲಾಕ್ ಮಾಡಿದರೆ ಉಳಿದ ಜಾರುವಿಕೆಯನ್ನು ಅದೇ ಸರಿಪಡಿಸಿಕೊಳ್ಳುತ್ತದೆ. ಅದೂ ಸಾಲದವರು ಎಲ್‌ಎನ್‌ಬಿಯ 25 ಮೆಗಾಹರ್ಟ್ಸ್ ಕ್ರಿಸ್ಟಲ್ ತೆಗೆದು, ಜಿಪಿಎಸ್‌ಗೆ ಕಟ್ಟಿಹಾಕಿದ ರೆಫರೆನ್ಸನ್ನು ಹೊರಗಿನಿಂದ ಕೊಡುತ್ತಾರೆ. ಬೆಸುಗೆ ಹಾಕುವಾಗ ಎಲ್‌ಎನ್‌ಬಿಯ ಮುಚ್ಚಳದ ರಬ್ಬರ್ ಸೀಲ್ ಹಾಳಾಗದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಮೊದಲ ಮಳೆಗೇ ನೀರು ಒಳಗಿಳಿಯುತ್ತದೆ.